ಕೊನೆಯ ಮನೆಯ ಬಾಗಿನ

ಎಂಟು ದಿನ ನಾನು ಒಂದೇ ಕೋಟು ಹಾಕಿಕೊಂಡು ಓಡಾಡಿದೆ. ಒಗೆಯಲು ಕೊಡಲಿಲ್ಲ. ಮನೆಗೆ ಬಂದರೆ ಗೂಟಕ್ಕೆ ನೇತುಹಾಕಲೂ ಇಲ್ಲ. ಊಟಕ್ಕೆ ಕೂತಾಗಲೂ ಮೈಮೇಲೇ ಇತ್ತು. ಮನೆಯವಳು, ಅಂದರೆ ಶಾರದಾ, ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೇಳಿಯೇಬಿಟ್ಟಳು: “ರೀ, ನಿಮಗೇನು ಚಳಿ ಜ್ವರಾನಾ? ಇಲ್ಲಾ ಆಫೀಸರ್ ಆಗ್ಬಿಟ್ರಾ?”

ಎರಡೂ ಅಲ್ಲ. ಕೋಟಿನ ಒಳಜೇಬಿನಲ್ಲಿ ದೆಹಲಿಯಿಂದ ಬಂದ ಒಂದು ಕಾಗದವಿತ್ತು. ಲಕೋಟೆಯ ಮೇಲೆ ನನ್ನ ಹೆಸರು, ನನ್ನ ವಿಳಾಸ. ಒಳಗಿದ್ದ ವಿಷಯ ಮಾತ್ರ ಬೇರೆಯವರದು. ಬೇರೆಯವರ ಜೀವನವನ್ನು ಎದೆಯ ಹತ್ತಿರ ಇಟ್ಟುಕೊಂಡು ಬಸ್ಸು ಹತ್ತಿ ಇಳಿದ ಅನುಭವ ನಿಮಗಿದೆಯೇ? ಬೇಡ. ಶತ್ರುವಿಗೂ ಬೇಡ.

ಮೊದಲಿಂದ ಹೇಳುತ್ತೇನೆ. ಹೋದ ತಿಂಗಳು ಈ ಅಂಕಣದಲ್ಲಿ ಎರಡು ವಾರ ಸೂಯೆಜ್ ಕಾಲುವೆಯನ್ನು ಕೊರೆದದ್ದು ನಿಮಗೆ ನೆನಪಿರಬಹುದು. (ಒಬ್ಬ ಓದುಗರು ಕಾರ್ಡು ಬರೆದು, “ಕಾಲುವೆ ಆಯಿತಲ್ಲ, ರಾಜಾಜಿನಗರದ ಚರಂಡಿಯ ಕಡೆಗೂ ಸ್ವಲ್ಪ ಗಮನ ಕೊಡಿ” ಎಂದಿದ್ದರು. ಬುದ್ಧಿವಂತರು.) ಲಂಡನ್ನಿನಲ್ಲಿ ದೊಡ್ಡ ಕಾನ್ಫರೆನ್ಸು. ಇಪ್ಪತ್ತು ಚಿಲ್ಲರೆ ದೇಶಗಳು ಮೇಜಿನ ಸುತ್ತ ಕೂತಿವೆ. ಕಾಲುವೆ ಇರುವುದು ಈಜಿಪ್ಟಿನಲ್ಲಿ, ಈಜಿಪ್ಟಿನವರೇ ಅಲ್ಲಿಲ್ಲ! ಇದೆಂಥ ಪಂಚಾಯಿತಿ, ಯಾರ ಮನೆಯ ವಿಷಯವನ್ನು ಯಾರು ಕೂತು ತೀರ್ಮಾನಿಸುವುದು ಎಂದು ನಾನು ಗುಡುಗಿದ್ದೆ. ಸಂಪಾದಕರೂ ಬೆನ್ನು ತಟ್ಟಿದರು. ಅದೇ ವಾರ ನಾನು ನನ್ನ ವಠಾರದಲ್ಲಿ ಮಾಡಿದ ಕೆಲಸ ಅವರಿಗೆ ಗೊತ್ತಿರಲಿಲ್ಲ.

ನಮ್ಮದು ಏಳು ಮನೆಗಳ ಸಾಲು. ರಾಜಾಜಿನಗರದ ಅಂಚಿನಲ್ಲಿದೆ, ಹಿತ್ತಲ ಗೋಡೆಯಾಚೆ ರಾಗಿ ಹೊಲ, ಅದರಾಚೆ ಕುರುಬರಹಳ್ಳಿ. ಏಳೂ ಮನೆಗಳ ಒಡತಿ ಹೊನ್ನಕ್ಕ. ಆಕೆಯ ಅತ್ತೆ ಮಾವಂದಿರು ಇದೇ ಜಾಗದಲ್ಲಿ ಅವರೆ ಬಿತ್ತಿದ್ದವರು. ಈಗ ಹೊನ್ನಕ್ಕ ಬಾಡಿಗೆದಾರರನ್ನು ಬಿತ್ತಿದ್ದಾಳೆ. ಅರವತ್ತರ ಹತ್ತಿರದ ಹೆಂಗಸು, ಕಂಚಿನ ಕಂಠ. ನಲ್ಲಿಯ ಹತ್ತಿರ ಆಕೆ ಒಂದು ಮಾತು ಆಡಿದರೆ ಏಳೂ ಮನೆಗಳಿಗೆ ಅದೇ ಕಾನೂನು. ಕೆಟ್ಟವಳಲ್ಲ. ನನಗೆ ಟೈಫಾಯಿಡ್ ಬಂದಾಗ ಹದಿನೆಂಟು ದಿನ ಗಂಜಿ ಕಳಿಸಿದವಳು.

ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಮುಲ್ತಾನಿನಿಂದ ಬಂದವರು. ದೇಶ ಒಡೆದಾಗ ಉಟ್ಟ ಬಟ್ಟೆಯಲ್ಲಿ ಹೊರಟು, ಐದಾರು ವರ್ಷ ಉತ್ತರದ ಕ್ಯಾಂಪುಗಳಲ್ಲಿದ್ದು, ಅಣ್ಣನಿಗೆ ಇಲ್ಲಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ನಮ್ಮೂರಿಗೆ ಬಂದರು. ಅಣ್ಣನನ್ನು ಹರಿಚಂದ್ ಎಂದು ಕರೆಯೋಣ, ತಂಗಿಯನ್ನು ರಾಮಪ್ಯಾರಿ. (ನಿಜವಾದ ಹೆಸರು ಇವಲ್ಲ.) ಹೊನ್ನಕ್ಕನ ಬಾಯಲ್ಲಿ ಆಕೆ ಪ್ಯಾರಮ್ಮ. ಮನೆಯ ಮುಂದಿನ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಸುತ್ತಮುತ್ತಲ ಹೆಂಗಸರ ರವಿಕೆ ಹೊಲಿಯುತ್ತಾಳೆ. ನಾಲ್ಕು ವರ್ಷದಲ್ಲಿ ಕನ್ನಡ ಕಲಿತಳು. ಬೈತಲೆಯಲ್ಲಿ ಉದ್ದಕ್ಕೆ ಸಿಂಧೂರ, ಕೈತುಂಬ ಬಳೆ. ಗಂಡ ಕಣ್ಣಿಗೆ ಬಿದ್ದದ್ದಿಲ್ಲ. ಉತ್ತರದಲ್ಲೆಲ್ಲೋ ನೌಕರಿಯಲ್ಲಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಯಾರೂ ಕೇಳಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಸಂಜೆ ಕೇಳಿದರು. ಶಾರದಾ ಅರಿಶಿನ ಕುಂಕುಮಕ್ಕೆ ಎಲ್ಲರನ್ನೂ ಕರೆದಿದ್ದಳು. ರಾಮಪ್ಯಾರಿಗೆ ಕುಂಕುಮದ ಬಟ್ಟಲು ಒಡ್ಡುವಾಗ ಪಕ್ಕದಲ್ಲಿದ್ದ ಒಬ್ಬಾಕೆ ಸಹಜವಾಗಿಯೇ ಕೇಳಿದರು: “ನಿಮ್ಮೆಜಮಾನ್ರು ಎಲ್ಲಿದಾರೆ?”

“ಗೊತ್ತಿಲ್ಲ,” ಎಂದಳು ರಾಮಪ್ಯಾರಿ. “ಟ್ರೈನ್ ಹೊರಟಾಗ ಅವರು ಊರಲ್ಲೇ ಉಳಿದ್ರು. ಬರ್ತಾರೆ ಅಂತ ಭಾಯಿ ಹೇಳ್ತಾನೆ.”

ನಾನು ಒಳಕೋಣೆಯಲ್ಲಿ ಸೂಯೆಜ್ ಬರೆಯುತ್ತಿದ್ದೆ. ಹೊರಗಿನ ಮಾತು ಒಮ್ಮೆಲೇ ನಿಂತದ್ದು ನನ್ನ ಕಿವಿಗೂ ಬಿತ್ತು. ಶಾರದಾ ಕುಂಕುಮ ಕೊಟ್ಟಳು. ಹೊನ್ನಕ್ಕ ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋದಳು.

ಮರುದಿನ ನಲ್ಲಿಯ ಹತ್ತಿರ ಸ್ಫೋಟ. “ಅಲ್ಲ ಕಣೇ ಶಾರದಾ, ಕೊಡೋ ಮುಂಚೆ ವಿಚಾರ್ಸಬಾರ್ದಾ? ಒಂಬತ್ತು ವರ್ಷದಿಂದ ಸುದ್ದಿ ಇಲ್ಲ ಅಂದ್ರೆ ಏನರ್ಥ? ಇನ್ನು ಮೂರು ವಾರಕ್ಕೆ ಗೌರಿ ಬರ್ತಾಳೆ. ಬಾಗಿನಾನೂ ಕೊಡ್ತೀಯಾ?”

“ಕೊಡ್ತೀನಿ ಹೊನ್ನಕ್ಕ.”

“ಕೊಡು. ಆಮೇಲೆ ನನ್ನ ಮನೆಗೆ ಬರ್ಬೇಡ.”

ಸ್ತ್ರೀ ಓದುಗರಿಗೆ ಇದರ ತೂಕ ಹೇಳಬೇಕಾಗಿಲ್ಲ. ಗಂಡಸರಿಗೆ ಹೇಳುತ್ತೇನೆ. ಗೌರಿ ಹಬ್ಬದಲ್ಲಿ ಎರಡು ಮೊರದಲ್ಲಿ ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು ಒಂದರ ಮೇಲೊಂದು ಮುಚ್ಚಿ, ಸೆರಗು ಹಿಡಿದು ಮುತ್ತೈದೆಗೆ ಕೊಡುವುದು ಬಾಗಿನ. ಗಂಡ ಇದ್ದವಳು ಗಂಡ ಇದ್ದವಳಿಗೆ ಕೊಡುವುದು. ಪಡೆದವಳು ಒಳಗಿನವಳು. ಪಡೆಯದವಳು ಎಲ್ಲಿಯವಳು? ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಆ ವಾರವೇ ಇಬ್ಬರು ಹೆಂಗಸರು ರಾಮಪ್ಯಾರಿಯ ಜಗಲಿಗೆ ಬಂದು ಹೊಲಿಯಲು ಕೊಟ್ಟಿದ್ದ ಕಣಗಳನ್ನು ವಾಪಸು ತೆಗೆದುಕೊಂಡು ಹೋದರು. ಮದುವೆಯ ರವಿಕೆಗಳು. ಆಕೆಯ ಕೈಯಲ್ಲಿ ಹೊಲಿಸಿದರೆ ಹೇಗೋ ಏನೋ ಎಂಬ ಅನುಮಾನ. ಮಿಷನ್ನಿನ ಸದ್ದು ಮಧ್ಯಾಹ್ನಕ್ಕೇ ನಿಲ್ಲತೊಡಗಿತು.

ನೋಡಿ, ಇದೇ ನನ್ನನ್ನು ಕಾಡುವುದು. ಮುಲ್ತಾನಿನ ಒಂದು ಬೀದಿಯಲ್ಲಿ ಯಾರೋ ಕತ್ತಿ ಹಿಡಿದು ಬಂದರು. ಯಾರೋ ಓಡಿದರು. ಅಲ್ಲಿಗೆ ಮುಗಿಯಿತು, ಗಡಿ ದಾಟಿದರೆ ಬದುಕಿದಂತೆ ಎಂದು ನಾವು ಇಲ್ಲಿ ಕೂತು ಓದಿದೆವು. ಮುಗಿಯುತ್ತದೆಯೇ? ಆ ಕತ್ತಿಯವನಿಗೆ ರಾಜಾಜಿನಗರ ಎಂಬ ಊರಿದೆ ಎಂದೇ ಗೊತ್ತಿಲ್ಲ. ಆದರೂ ಅವನು ಹುಟ್ಟಿಸಿದ ಭಯ ಒಂಬತ್ತು ವರ್ಷ ನಡೆದು ನಮ್ಮ ನಲ್ಲಿಯ ಹತ್ತಿರ ಬಂದು ನಿಂತು, ಒಬ್ಬಳ ಹಣೆಯನ್ನು ಪರೀಕ್ಷೆ ಮಾಡುತ್ತಿದೆ. ನಿರಾಶ್ರಿತರಿಗೆ ಸರ್ಕಾರ ಚಾಪೆ ಕೊಟ್ಟಿತು, ಕಂಬಳಿ ಕೊಟ್ಟಿತು. ಕುಂಕುಮದ ಬಟ್ಟಲಿನ ಮುಂದೆ ಏನು ಉತ್ತರ ಹೇಳಬೇಕು ಎಂದು ಯಾವ ಕ್ಯಾಂಪಿನಲ್ಲಿ ಹೇಳಿಕೊಡುತ್ತಾರೆ?

ಸರಿ. ಅಂತರರಾಷ್ಟ್ರೀಯ ತಜ್ಞ ಮನೆಯಲ್ಲೇ ಇರುವಾಗ ಚಿಂತೆ ಏಕೆ? ನಾನು ಸಂಧಾನಕ್ಕೆ ಹೊರಟೆ. ಶಾರದಾ ಬೇಡ ಎಂದಳು. ನಾನು ಕೇಳಿದರೆ ತಾನೇ.

ಹೊನ್ನಕ್ಕನ ಜಗಲಿಯಲ್ಲಿ ಕೂತು ಮೊದಲು ಶಾಸ್ತ್ರ ತೆಗೆದೆ. “ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯ್ಬೇಕು ಅಂತ ಇದೆ ಹೊನ್ನಕ್ಕ. ಇನ್ನೂ ಒಂಬತ್ತೇ ಆಗಿರೋದು.”

ಆಕೆ ಎಲೆಗೆ ಸುಣ್ಣ ಹಚ್ಚುತ್ತಾ ನನ್ನನ್ನೇ ನೋಡಿದಳು. “ಸ್ವಾಮಿ, ಅದು ದೇಶಾಂತರ ಹೋದೋರಿಗೆ. ಕಾಶಿಗೋ ರಾಮೇಶ್ವರಕ್ಕೋ ಹೋಗಿ ದಾರಿ ತಪ್ಪಿದೋರಿಗೆ. ಮಚ್ಚು ಹಿಡ್ಕೊಂಡಿರೋ ಜನದ ಮಧ್ಯೆ ಉಳಿದೋರಿಗೂ ಹನ್ನೆರಡೇನಾ?”

ಶಾಸ್ತ್ರವನ್ನು ಅಲ್ಲಿಗೇ ಮಡಚಿಟ್ಟೆ. ಫಾರ್ಮುಲಾ ಒಂದಿತ್ತು. ಬಾಗಿನ ಬೇಡ, ಕುಂಕುಮ ಮಾತ್ರ ಕೊಡೋಣ. ಎರಡು ಕಡೆಯವರಿಗೂ ಅರ್ಧರ್ಧ ಗೆಲುವು. ಲಂಡನ್ನಿನಲ್ಲಿ ಇಂಥದ್ದಕ್ಕೆ ಚಪ್ಪಾಳೆ ಬೀಳುತ್ತದೆ.

“ಅದೇನ್ ಸ್ವಾಮಿ ಅರ್ಧ ಮುತ್ತೈದೆ?” ಹೊನ್ನಕ್ಕ ನಕ್ಕೇಬಿಟ್ಟಳು. “ಓದಿದೋರು ನೀವು. ಸುಮ್ನೆ ಇರೋದು ಯಾವಾಗ ಕಲೀತೀರಿ?”

ಅವಮಾನವಾಯಿತು. ನಿಜ ಹೇಳುತ್ತೇನೆ, ಮುಂದೆ ಮಾಡಿದ್ದಕ್ಕೆ ಅರ್ಧ ಕಾರಣ ರಾಮಪ್ಯಾರಿಯ ಮೇಲಿನ ಕನಿಕರ, ಇನ್ನರ್ಧ ಆ ನಗು. ಪುರಾವೆ ತಂದು ಆಕೆಯ ಮುಂದೆ ಹಿಡಿಯುತ್ತೇನೆ ಎಂದು ಹಟ ಹುಟ್ಟಿತು. ಕಾಣೆಯಾದವರ ವಿವರ ಇಟ್ಟುಕೊಂಡಿರುವ ದೆಹಲಿಯ ಒಂದು ಕಚೇರಿಯಲ್ಲಿ ನನ್ನ ಹಳೆಯ ಸಹಪಾಠಿ ಇದ್ದಾನೆ. ಅವನಿಗೆ ಬರೆಯುವುದು. ಮನುಷ್ಯ ಬದುಕಿದ್ದಾನೆ ಎಂದು ಒಂದು ಸಾಲು ಬಂದರೆ ಸಾಕು, ಹೊನ್ನಕ್ಕನ ಬಾಯಿ ಮುಚ್ಚಿತು. ಬದುಕಿಲ್ಲ ಎಂದು ಬಂದರೆ? ಅದನ್ನು ನಾನು ಯೋಚಿಸಲೇ ಇಲ್ಲ. ಸಂಧಾನ ಮಾಡುವವರಿಗೆ ಒಂದು ಬಗೆಯ ಕುರುಡು ಇರುತ್ತದೆ. ತಮ್ಮ ಪ್ರಯತ್ನ ಒಳ್ಳೆಯದಾದ್ದರಿಂದ ಫಲವೂ ಒಳ್ಳೆಯದೇ ಇರಬೇಕು ಎನ್ನುವುದು.

ವಿವರಕ್ಕಾಗಿ ಹರಿಚಂದನನ್ನು ಕಾರ್ಖಾನೆಯ ಗೇಟಿನ ಹತ್ತಿರ ಹಿಡಿದೆ. ಆತ ತಲೆ ತಗ್ಗಿಸಿದ. “ಯಾಕೆ ಬೇಕು ಸಾರ್? ಬಿಡಿ.” ನಾನು ಬಿಡಲಿಲ್ಲ. ಕೊನೆಗೆ ಭಾವನ ಹೆಸರು, ಮುಲ್ತಾನಿನ ಬೀದಿಯ ಹೆಸರು ಹೇಳಿದ. “ತಂಗಿಗೆ ಹೇಳ್ಬೇಡಿ,” ಎಂದು ಎರಡು ಸಲ ಅಂದ. ಸುಮ್ಮನೆ ಆಸೆ ಹುಟ್ಟಿಸಬಾರದು ಎಂದಿರಬೇಕು ಅಂದುಕೊಂಡೆ. ಎಂಥ ಜಾಣ ನಾನು!

ಸರ್ಕಾರಿ ಕಚೇರಿ ಹದಿನೈದು ದಿನದೊಳಗೆ ಉತ್ತರ ಕೊಟ್ಟದ್ದನ್ನು ನೀವು ಕೇಳಿದ್ದೀರಾ? ನನ್ನ ಗ್ರಹಚಾರಕ್ಕೆ ಕೊಟ್ಟಿತು. ಗೌರಿ ಹಬ್ಬಕ್ಕೆ ಇನ್ನು ಐದು ದಿನ ಇರುವಾಗ ಪೋಸ್ಟ್‌ಮನ್ ಬಂದ. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಆ ಹೆಸರಿನ, ಆ ಬೀದಿಯ ಮನುಷ್ಯ, ರೈಲು ಹೊರಟ ವಾರವೇ ಸತ್ತವರ ಪಟ್ಟಿಯಲ್ಲಿದ್ದಾನೆ. ಗುರುತು ಹಿಡಿದವರಿದ್ದಾರೆ. ಈ ವಿಷಯವನ್ನು ಆತನ ಹೆಂಡತಿಯ ಅಣ್ಣನಿಗೆ ಹಿಂದೆಯೇ ತಿಳಿಸಲಾಗಿದೆ.

ಕೊನೆಯ ಸಾಲನ್ನು ಮೂರು ಸಲ ಓದಿದೆ. ಹಾಗಾದರೆ ಹರಿಚಂದನಿಗೆ ಗೊತ್ತು. ಗೊತ್ತಿದ್ದೂ ವರ್ಷಗಟ್ಟಲೆ “ಬರ್ತಾನೆ, ಬರ್ತಾನೆ” ಎಂದು ತಂಗಿಗೆ ಹೇಳುತ್ತಾ ಬಂದಿದ್ದಾನೆ. ಆಕೆ ದಿನಾ ಬೆಳಿಗ್ಗೆ ಸತ್ತವನ ಹೆಸರಿನಲ್ಲಿ ಸಿಂಧೂರ ಇಟ್ಟುಕೊಳ್ಳುತ್ತಿದ್ದಾಳೆ. ಈಗ ಅದು ಗೊತ್ತಿರುವ ಎರಡನೆಯವನು ನಾನು. ಕರೆಯದೆ ಹೋಗಿ ಸೇರಿಕೊಂಡವನು.

ಅಲ್ಲಿಂದ ಕೋಟು ಮೈಬಿಟ್ಟು ಇಳಿಯಲಿಲ್ಲ. ಹರಿದು ಹಾಕೋಣ ಎನ್ನಿಸಿತು. ಹರಿದರೆ ಸತ್ತವನು ಎದ್ದು ಬರುತ್ತಾನೆಯೇ? ಶಾರದಾಳಿಗೆ ಹೇಳಿದರೆ ಆಕೆ ಬಾಗಿನ ಕೊಡುವಂತಿಲ್ಲ. ಹೇಳದಿದ್ದರೆ ದೇವರ ಮುಂದೆ ಆಕೆಯಿಂದ ಸುಳ್ಳು ಮಾಡಿಸಿದಂತೆ. ರಾಮಪ್ಯಾರಿಗೆ ಹೇಳಿದರೆ? ಮರುಕ್ಷಣ ಬಳೆ, ಸಿಂಧೂರ, ಮಿಷನ್ನು, ಮದುವೆಯ ರವಿಕೆ ಎಲ್ಲಾ ಹೋಯಿತು. ಆಫೀಸಿನಲ್ಲಿ ಎರಡು ಫೈಲು ತಪ್ಪು ಮೇಜಿಗೆ ಕಳಿಸಿ ಬೈಸಿಕೊಂಡೆ.

ಇತ್ತ ನಲ್ಲಿಯ ಹತ್ತಿರ ಶೀತಲ ಸಮರ. ಎರಡು ಬಣ, ಎರಡು ಸಾಲು ಕೊಡ. ಹಬ್ಬದ ಹಿಂದಿನ ದಿನ ಶಾರದಾ ತನ್ನ ಕೊಡ ತುಂಬಿದ ಮೇಲೂ ಅಲ್ಲೇ ನಿಂತಳು. ನಾನು ಕಿಟಕಿಯಲ್ಲಿದ್ದೆ.

ಹೊನ್ನಕ್ಕನ ಮಗ ಮುನಿರಾಜು ಸೈನ್ಯದಲ್ಲಿದ್ದಾನೆ. ಮೂರು ವರ್ಷದ ಹಿಂದೆ ಕೊರಿಯಾದ ಯುದ್ಧ ನಿಂತಾಗ, ಊರಿಗೆ ಹೋಗಲೊಲ್ಲದ ಕೈದಿಗಳನ್ನು ಕಾಯಲು ನಮ್ಮ ದೇಶದ ಪಡೆ ಹೋಗಿತ್ತಲ್ಲ, ಅದರಲ್ಲಿ ಹೋಗಿದ್ದ. ಹೋದವನಿಂದ ನಾಲ್ಕು ತಿಂಗಳು ಕಾಗದವೇ ಇರಲಿಲ್ಲ. ಕೈದಿಗಳು ಕಾವಲಿನವರ ಮೇಲೆ ಕಲ್ಲು ತೂರಿದರು ಎಂದು ಪೇಪರಿನಲ್ಲಿ ಬಂದಾಗ ಓದಿ ಹೇಳಿದವನು ನಾನೇ.

“ಹೊನ್ನಕ್ಕ,” ಎಂದಳು ಶಾರದಾ. “ಮುನಿರಾಜು ಸುದ್ದಿ ಇಲ್ದೇ ಇದ್ದಾಗ ನಿಮ್ಮ ಸೊಸೆ ಬಳೆ ತೆಗೆಸಿದ್ರಾ?”

ನಲ್ಲಿಯ ಕೆಳಗೆ ಇನ್ನೊಬ್ಬರ ಕೊಡ ತುಂಬಿ ಚೆಲ್ಲತೊಡಗಿತು, ಯಾರೂ ತೆಗೆಯಲಿಲ್ಲ.

“ಬಳೆಗಾರನ್ನ ಕರೆಸಿ ಇನ್ನೊಂದು ಡಜನ್ ಜಾಸ್ತಿ ತೊಡ್ಸಿದ್ರಿ. ನಾನೇ ನೋಡಿದೀನಿ.”

ಅಷ್ಟೇ. ಕೊಡ ಎತ್ತಿಕೊಂಡು ಒಳಗೆ ಬಂದಳು. ನಾನು ಎರಡು ವಾರ ಫಾರ್ಮುಲಾ ಹೊಸೆದೆ. ಇವಳು ಒಂದು ಪ್ರಶ್ನೆ ಕೇಳಿದಳು. ಯು.ಎನ್.ಓ.ದಲ್ಲಿ ಇಂಥವರನ್ನು ಯಾಕೆ ಕೂರಿಸುವುದಿಲ್ಲವೋ!

ಗೌರಿ ಹಬ್ಬದ ಬೆಳಿಗ್ಗೆ ಶಾರದಾ ಪೂಜೆ ಮುಗಿಸಿ ಮೊರ ಎತ್ತಿಕೊಂಡು ಹೊರಡುವಷ್ಟರಲ್ಲಿ ಹೊನ್ನಕ್ಕನ ಬಾಗಿಲು ತೆರೆಯಿತು. ಸೊಸೆಯ ಕೈಯಲ್ಲಿ ಹೊಸ ಮೊರ. ಮುಂದೆ ಹೊನ್ನಕ್ಕ. ಏಳೂ ಮನೆಗಳ ಮುಂದೆ ನಡೆದು ಕೊನೆಯ ಮನೆಯ ಬಾಗಿಲಿಗೆ ಹೋದರು.

“ಪ್ಯಾರಮ್ಮ, ಬಾರಮ್ಮ ಈಚೆಗೆ. ನಮ್ಮ ಸೊಸೆ ಬಾಗಿನ ಕೊಡ್ತಾಳೆ. ಸೆರಗು ಹಿಡಿ. ಹಿಂಗಲ್ಲ, ಹಿಂಗೆ.”

ರಾಮಪ್ಯಾರಿ ಸೆರಗು ಒಡ್ಡಿದಳು. ಹಿಂದೆಯೇ ಶಾರದಾ ಕೊಟ್ಟಳು. ಹೆಂಗಸರೆಲ್ಲಾ ಒಟ್ಟಿಗೆ ಮಾತಾಡತೊಡಗಿದರು, ಯಾರೋ ನಕ್ಕರು, ಹೊನ್ನಕ್ಕ ಕಣ್ಣು ಒರೆಸಿಕೊಂಡಳು. ಎಷ್ಟು ಸಂತೋಷದ ಗಳಿಗೆ! ನಾನು ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಕೈಯ ಕೆಳಗೆ ಕಾಗದ ಸರಗುಟ್ಟುತ್ತಿತ್ತು. ಆ ಕ್ಷಣ ನನ್ನಂಥ ಪಾಪಿ ಇನ್ನೊಬ್ಬನಿಲ್ಲ ಎನ್ನಿಸಿತು.

ಮೂರು ದಿನ ತಡೆದೆ. ನಾಲ್ಕನೆಯ ದಿನ ಭಾನುವಾರ, ಹರಿಚಂದ ಡ್ಯೂಟಿಗೆ ಹೋಗಿದ್ದ ಹೊತ್ತು ನೋಡಿ ಹೋದೆ. ರಾಮಪ್ಯಾರಿ ಜಗಲಿಯಲ್ಲಿ ಯಾರದೋ ಮದುವೆಯ ರವಿಕೆಗೆ ತೋಳು ಕೂರಿಸುತ್ತಿದ್ದಳು. ವಾಪಸು ಹೋದ ಕಣಗಳು ಮತ್ತೆ ಬಂದಿದ್ದವು. ನಾನು ಲಕೋಟೆ ತೆಗೆದೆ. “ನಾನೊಂದು ತಪ್ಪು ಮಾಡಿದೆ ತಾಯಿ. ನಿಮ್ಮನ್ನ ಕೇಳದೆ ದೆಹಲಿಗೆ ಬರೆದೆ...”

ಆಕೆ ಲಕೋಟೆಯ ಮೇಲಿನ ಸರ್ಕಾರಿ ಮೊಹರನ್ನು ನೋಡಿದಳು. ಮಿಷನ್ ನಿಂತಿತು.

“ಓದ್ಬೇಡಿ ಭಾಯಿಸಾಬ್. ನಂಗೆ ಗೊತ್ತು.”

“ಏನು ಗೊತ್ತು?”

“ಇಂಥದ್ದೇ ಕಾಗದ ಭಾಯಿಯ ಟ್ರಂಕಲ್ಲಿ ಇದೆ. ಆರು ವರ್ಷ ಆಯ್ತು. ಬಟ್ಟೆ ಒಣಗ್ಸೋಕೆ ತೆಗೆದಾಗ ಸಿಕ್ತು. ಕ್ಯಾಂಪಲ್ಲಿ ಒಬ್ರು ಮಾಸ್ಟರ್ ಓದಿ ಹೇಳಿದ್ರು. ಆಮೇಲೆ ಹೇಗೆ ಇತ್ತೋ ಹಾಗೇ ಇಟ್ಟೆ.”

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಆರು ವರ್ಷ! ಮತ್ತೆ ಈ ಸಿಂಧೂರ? ಬಾಯಲ್ಲಿ ಕೇಳಲಿಲ್ಲ. ನನ್ನ ಕಣ್ಣು ಎಲ್ಲಿ ಹೋಯಿತು ಎಂದು ಆಕೆಗೆ ತಿಳಿಯಿತು.

“ಸ್ಟೇಷನ್ನಲ್ಲಿ ಅಮ್ಮನ ಔಷಧಿ ಮನೇಲೇ ಉಳೀತು ಅಂತ ಗೊತ್ತಾಯ್ತು. ಟ್ರೈನ್‌ಗೆ ಇನ್ನೂ ಟೈಮ್ ಇದೆ, ಓಡಿ ಹೋಗಿ ತಗೊಂಡ್ ಬಾ ಅಂತ ಭಾಯಿ ಅವರನ್ನ ಕಳಿಸ್ದ. ಟ್ರೈನ್ ಬೇಗ ಬಿಟ್ರು. ಅವತ್ತಿಂದ ಭಾಯಿ ‘ಬರ್ತಾನೆ’ ಅಂತ ಹೇಳ್ತಾನೆ. ನನಗೋಸ್ಕರ ಹೇಳ್ತೀನಿ ಅಂದ್ಕೊಂಡಿದಾನೆ.” ಸೂಜಿಯಿಂದ ದಾರ ಬಿಡಿಸಿದಳು. “ನಾನು ಇದನ್ನ ಅಳಿಸಿದ್ರೆ, ತಾನೇ ಅವರನ್ನ ಕೊಂದೆ ಅಂತ ಭಾಯಿ ಅನ್ನ ಬಿಡ್ತಾನೆ ಭಾಯಿಸಾಬ್. ಅಮ್ಮನೂ ಹೋದ್ಮೇಲೆ ನನಗೆ ಇನ್ಯಾರಿದಾರೆ?”

ಒಂದೇ ಸೂರಿನ ಕೆಳಗೆ ಇಬ್ಬರು. ಇಬ್ಬರಿಗೂ ಗೊತ್ತು. ಒಬ್ಬರಿಗೆ ಗೊತ್ತಿದೆಯೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಆರು ವರ್ಷದಿಂದ ಆ ಮನೆಯಲ್ಲಿ ಶಾಂತಿ ಇದೆ. ಸಹಿ ಇಲ್ಲ, ಮೇಜಿಲ್ಲ, ಸಾಕ್ಷಿಯಿಲ್ಲ. ನಾನು ಅದರೊಳಗೆ ಒಂದು ಲಕೋಟೆ ಹಿಡಿದುಕೊಂಡು ನುಗ್ಗಿದ್ದೆ. ಈಜಿಪ್ಟನ್ನು ಕೇಳಲಿಲ್ಲ ಎಂದು ಲಂಡನ್ನಿನವರಿಗೆ ಬುದ್ಧಿ ಹೇಳಿದ ಮಹಾಶಯ!

ಕಾಗದವನ್ನು ಆಕೆಯ ಕೈಗೆ ಕೊಟ್ಟೆ. ಒಳಗೆ ಹೋಗಿ ಒಲೆಗೆ ಹಾಕಿ ಬಂದಳು. ಬಂದವಳು ನಿಂತೇ ಇದ್ದಳು.

“ಹೊನ್ನಕ್ಕ ಮೊರ ತಂದಾಗ ಬೇಡ ಅನ್ಬೇಕಿತ್ತು. ಅನ್ನೋಕಾಗ್ಲಿಲ್ಲ. ಒಂಬತ್ತು ವರ್ಷ ಆಯ್ತು, ಯಾರೂ ಹೀಗೆ ಬಾಗಿಲಿಗೆ ಬಂದು ಕರೆದಿರ್ಲಿಲ್ಲ.” ಮಿಷನ್ನಿನ ಮೇಲಿದ್ದ ರವಿಕೆಯನ್ನು ಮಡಚಿಟ್ಟು ಅಂದಳು: “ಆದ್ರೆ ಶಾರದಕ್ಕನ ಹತ್ರ ಸುಳ್ಳು ಇಟ್ಕೊಂಡು ಇರೋಕಾಗಲ್ಲ. ನೀವು ಹೇಳಿ ಅಕ್ಕನಿಗೆ. ನನಗೆ ಬಾಯಿ ಬರಲ್ಲ.”

“ಹೊನ್ನಕ್ಕನಿಗೆ?”

“ಅದು ಅಕ್ಕ ಹೇಳಿದ ಹಾಗೆ.”

ಈ ಸಲ ನಾನು ಕೇಳಿಕೊಂಡೆ. “ಪತ್ರಿಕೆಯಲ್ಲಿ ಬರೆಯಲಾ? ಹೆಸರು ಬದಲಾಯಿಸ್ತೀನಿ.”

“ಯಾರು ಓದ್ತಾರೆ?”

“ನಮ್ಮ ವಠಾರದಲ್ಲಾ? ಶಾರದಾ ಒಬ್ಬಳೇ.” (ಹೊನ್ನಕ್ಕನಿಗೆ ಓದು ಬರುವುದಿಲ್ಲ. ಉಳಿದ ಮನೆಗಳಲ್ಲಿ ನಮ್ಮ ಪತ್ರಿಕೆ ನೇರವಾಗಿ ಅಡುಗೆಮನೆಯ ಗೂಡಿಗೆ ಹಾಸಲು ಹೋಗುತ್ತದೆ. ಹರಿಚಂದನಿಗೆ ಕನ್ನಡ ಅಕ್ಷರ ಇನ್ನೂ ಒಲಿದಿಲ್ಲ.)

ಮೊದಲ ಸಲ ಆಕೆ ಸ್ವಲ್ಪ ನಕ್ಕಳು. “ಹಾಗಾದ್ರೆ ಬರೀರಿ.”

ಅಂದು ಮನೆಗೆ ಬಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದೆ. ಶಾರದಾ ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಟ್ಟೆಯ ಮುಂದೆ ಎರಡು ಸಲ ಬಾಯಿ ತೆರೆದು ಉಪ್ಪು ಕೇಳಿದೆ. ಪ್ರಪಂಚದ ಯುದ್ಧಗಳ ಬಗ್ಗೆ ವಾರಕ್ಕೊಂದು ಪುಟ ತುಂಬಿಸುವವನಿಗೆ ಹೆಂಡತಿಯ ಎದುರು ಒಂದು ವಾಕ್ಯ ಹೊರಡಲಿಲ್ಲ. ಹೊರಟರೆ ಆಕೆ ಏನನ್ನುತ್ತಾಳೆ ಎಂಬ ಅಂಜಿಕೆ. ನಂಬಿಕೆಯಿಂದ, ಮಡಿಯುಟ್ಟು ಬಾಗಿನ ಕೊಟ್ಟವಳು. ಮೋಸವಾಯಿತು ಎಂದರೆ ಆಕೆಯ ತಪ್ಪೇ? ಪರವಾಗಿಲ್ಲ ಎಂದರೆ, ಹೊನ್ನಕ್ಕನ ಕಣ್ಣಿಗೆ ಕಣ್ಣಿಟ್ಟು ಬರುವ ವರ್ಷ ನಲ್ಲಿಯ ಹತ್ತಿರ ನಿಲ್ಲಬೇಕಾದವಳೂ ಆಕೆಯೇ. ಇದನ್ನು ತೀರ್ಮಾನಿಸಲು ನಾನು ಯಾರು? ನಾನು ಒಮ್ಮೆ ತೀರ್ಮಾನಿಸಿದ್ದರ ಚಂದ ನೀವೇ ನೋಡಿದಿರಿ.

ಆದ್ದರಿಂದ ಉಳಿದ ಓದುಗರು ದಯವಿಟ್ಟು ಕ್ಷಮಿಸಿ, ಈ ವಾರದ ಕೊನೆಯ ಸಾಲು ನಿಮಗಲ್ಲ.

ಶಾರದಾ, ಬರುವ ಗೌರಿಗೆ ಆ ಮನೆಯ ಬಾಗಿಲಿಗೆ ಹೋಗುತ್ತೀಯಾ?